ಎದೆಕವಚದ ಮೂರು ಗೆರೆ

೧೯೫೪ ಸೆಪ್ಟೆಂಬರ್ ೧೮, ಬೆಳಿಗ್ಗೆ ಆರೂ ಇಪ್ಪತ್ತು. ನಮ್ಮ ಮನೆಯ ಉಕ್ಕಿನ ಎದೆಕವಚವನ್ನು ಗೋಡೆಯಿಂದ ಇಳಿಸಿ ಜಗುಲಿಯ ಮೇಲೆ ಮಲಗಿಸಿದೆ. ತುಕ್ಕಿನ ಕಲೆಗಳನ್ನು ಎಣಿಸಿದೆ: ನಲವತ್ತಮೂರು. ನಟ್ಟನಡುವೆ ಅಡ್ಡಲಾಗಿದ್ದ ಮೂರು ಗೆರೆಗಳು ಎಲ್ಲಕ್ಕಿಂತ ಆಳ. ಒಂದೊಂದೂ ಅರ್ಧ ಅಂಗುಲ ಅಗಲ ಎಂದು ಡೈರಿಯಲ್ಲಿ ಬರೆದುಕೊಂಡೆ.

ಈ ಕವಚ ತೊಟ್ಟು ನಮ್ಮ ಪೂರ್ವಿಕನೊಬ್ಬ ಯಾರೋ ಪಾಳೇಗಾರನ ಪರವಾಗಿ ಕಾದಿದನಂತೆ. ಆದರೆ ಅದರ ಮೇಲೆ ಪೆಟ್ಟಿನ ಗುರುತು ಒಂದೂ ಇಲ್ಲ. ಆತ ಮಹಾಶೂರನಾಗಿರಬೇಕು, ಇಲ್ಲವೇ ಓಟದಲ್ಲಿ ನಿಪುಣ. ನಮ್ಮ ವಂಶದ ಉದ್ದ ಕಾಲುಗಳನ್ನು ನೋಡಿದರೆ ಎರಡನೆಯದೇ ಸರಿ ಅನ್ನಿಸುತ್ತದೆ.

ಗುಂಡ್ಲುಪೇಟೆಯ ದೊಡ್ಡಪ್ಪನಿಗೆ ಮಾತ್ರ ಆ ಶೌರ್ಯದಲ್ಲಿ ಸಂಶಯವಿಲ್ಲ. ಹಿರಿಮಗನಾದ ತನ್ನ ಮನೆಯಲ್ಲಿರಬೇಕಾದ ಕವಚ ಚಾಮರಾಜನಗರದ ತಮ್ಮನ ಮನೆಯಲ್ಲಿ ಹಾಳಾಗುತ್ತಿದೆ ಎಂಬುದು ಅವರ ಹಳೆಯ ಕೊರಗು. ಹೋದ ವಾರ ಕಾರ್ಡು ಹಾಕಿದ್ದರು: ಆಯುಧಪೂಜೆಗೆ ಬರುತ್ತೇನೆ, ತುಕ್ಕು ಕಂಡರೆ ಹೊತ್ತುಕೊಂಡು ಹೋಗುತ್ತೇನೆ. ಅಪ್ಪ ಅಣ್ಣನಿಗೆ ಎದುರಾಡುವವರಲ್ಲ. ಉಳಿದವನು ನಾನು, ಉಳಿದದ್ದು ಹದಿನೆಂಟು ದಿನ.

ಸಲಕರಣೆ: ಇಟ್ಟಿಗೆ ಪುಡಿ, ಒಲೆಯ ಬೂದಿ, ತೆಂಗಿನ ನಾರು, ಹರಳೆಣ್ಣೆ, ಬಡಗಿ ಉಜ್ಜಿ ಬಿಸಾಡಿದ ಉಪ್ಪುಕಾಗದದ ಎರಡು ತುಂಡು. ಕೊರತೆಯಿಲ್ಲದೆ ಬಂದದ್ದು ಸಲಹೆ ಮಾತ್ರ. ಡೈರಿಯ ಪ್ರಕಾರ ಮೂವತ್ತೊಂದು. ಕೊಟ್ಟವರಲ್ಲಿ ಉಕ್ಕು ಉಜ್ಜಿ ಗೊತ್ತಿದ್ದವರು: ಸೊನ್ನೆ.

"ಉಣ್ಸೆಣ್ಣು ಆಕಿ ತಿಕ್ಕುಲಾ. ಚೊಂಬು ಪಳಪಳ ಅನ್ನಾಕಿಲ್ವಾ?" ಎಂದಳು ಅಜ್ಜಿ.

ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಕವಚ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನಮ್ಮ ಜನರ ಬೆಳಗುವ ವಿದ್ಯೆಯೆಲ್ಲ ಹಿತ್ತಾಳೆಯಲ್ಲೇ ಹುಟ್ಟಿ ಹಿತ್ತಾಳೆಯಲ್ಲೇ ಮುಗಿಯುತ್ತದೆ. ಹೊಳೆಯುವುದೆಲ್ಲ ಚೊಂಬಿನ ಜಾತಿ ಎಂದೇ ಅವರ ನಂಬಿಕೆ. ಅವರನ್ನು ನಂಬಿದ ನನ್ನದು ಯಾವ ಜಾತಿಯ ಬುದ್ಧಿಯೋ! ಆ ಕಪ್ಪು ಬಿಡಿಸಲು ಮೂರು ದಿನ ಹೋಯಿತು. ಆಮೇಲೆ ಹರಳೆಣ್ಣೆಯಲ್ಲಿ ಇಟ್ಟಿಗೆ ಪುಡಿ ಕಲಸಿ, ದಿನಕ್ಕೆ ಎರಡು ಗಂಟೆಯಂತೆ, ಬೆರಳಿನ ಚರ್ಮ ನಾಲ್ಕು ಕಡೆ ಸುಲಿಯುವ ತನಕ ಉಜ್ಜಿದೆ. ಪೂಜೆಯ ಹಿಂದಿನ ದಿನ ತುಕ್ಕಿನ ಕಲೆ: ಸೊನ್ನೆ. ತೆಳ್ಳಗೆ ಎಣ್ಣೆ ಸವರಿ ಇಟ್ಟೆ.

ದೊಡ್ಡಪ್ಪ ಬೆಳಗಿನ ಬಸ್ಸಿಗೆ ಬಂದರು. ಕವಚವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು, ಮಗುಚಿದರು, ಉಗುರಿನಲ್ಲಿ ಕೆರೆದರು. ತುಕ್ಕು ಸಿಗದೆ ಅವರ ಮುಖವೇ ಕಪ್ಪಿಟ್ಟಿತು. ಈ ಸಲ ಪೂಜೆಗೆ ತಾವೇ ಕುಳಿತು, ಹೆಗಲ ಟವೆಲಿನಿಂದ ಎಣ್ಣೆಯನ್ನೆಲ್ಲ ಒರೆಸಿ ಹಾಕಿದರು.

"ದೊಡ್ಡಪ್ಪ, ಎಣ್ಣೆ ಇರಲಿ. ಒಣ ವಿಭೂತಿ ಸಾಕು" ಎಂದೆ.

"ಜಿಡ್ಡಿನ ಮ್ಯಾಲೆ ಈಬೂತಿ ನಿಂತದೇನ್ಲಾ? ಶಿವುನ್ಗೇ ಬುದ್ಧಿ ಯೋಳಕ್ಕೆ ಬಂದ ನೋಡು, ಡೈರಿ ಸಾಹೇಬ!"

ವಿಭೂತಿಯನ್ನು ನೀರಿನಲ್ಲಿ ತೇದು, ಮೂರು ಬೆರಳದ್ದಿ, ಕವಚದ ಎದೆಗೆ ಎಳೆದರು. ಪೂಜೆಯ ಗುರುತನ್ನು ಮರುದಿನದವರೆಗೆ ಯಾರೂ ಅಳಿಸುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ದೊಡ್ಡಪ್ಪನೇ ಒರೆಸಿದರು. ಅಡಿಯಲ್ಲಿ ಕೆಂಪಗೆ ಮೂರು ಗೆರೆ.

"ತುಕ್ಕು! ಕಂಡ್ರಾ? ಗೋಣಿಚೀಲ ತನ್ನಿ, ಕಟ್ಟಿ" ಎಂದು ಎದ್ದುನಿಂತರು.

ಅಜ್ಜಿ ಹಿರಿಮಗನ ಕೈ ಹಿಡಿದು ಮೂರು ಬೆರಳನ್ನೂ ಗೆರೆಗಳ ಮೇಲಿಟ್ಟಳು. ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂತವು.

"ಯಾರ್ ಬೆಳ್ಳುಲಾ ಇದು? ಒಂದಿನ ಮುಟ್ಟುದ್ದಕ್ಕೇ ಇಂಗಾದ್ರೆ, ನಿನ್ ಮನೇಲಿ ಏನಾಗ್ಬೇಡ? ಓಗು, ಬಸ್ಸು ತಪ್ಪೋಯ್ತದೆ."

ದೊಡ್ಡಪ್ಪ ಹೋದರು. ಗೆದ್ದ ಖುಷಿಯಲ್ಲಿ ಹೊಸ ಗೆರೆಯನ್ನೂ ಅಳೆದೆ: ಮುಕ್ಕಾಲು ಅಂಗುಲ. ಹಾಗಾದರೆ ಮೊದಲಿದ್ದ ಅರ್ಧ ಅಂಗುಲದವು ಯಾರವು? ಹಳೆಯ ಡೈರಿಗಳನ್ನು ತೆಗೆದೆ. ಕಳೆದ ಆರು ಆಯುಧಪೂಜೆಗಳಲ್ಲಿ ಒದ್ದೆ ವಿಭೂತಿ ಹಚ್ಚಿದವನ ಹೆಸರು, ಆರು ಸಲವೂ ದುಂಡಗಿನ ಅಕ್ಷರದಲ್ಲಿ, ನನ್ನದೇ. ನನ್ನ ಬೆರಳನ್ನು ಅಳೆದೆ. ಆ ಅಂಕಿಯನ್ನು ಬರೆಯಲಿಲ್ಲ. ಡೈರಿಯಲ್ಲಿ ನಾನು ಖಾಲಿ ಬಿಟ್ಟ ಜಾಗ ಅದೊಂದೇ.

ಉಕ್ಕು ಒದ್ದೆ ವಿಭೂತಿಯನ್ನು ತಡೆದುಕೊಳ್ಳುವ ಉಪಾಯ ಬಲ್ಲವರು ದಯವಿಟ್ಟು ಒಂದು ಕಾರ್ಡು ಹಾಕಿ. ಹುಣಸೆಹಣ್ಣಿನವರು ಬೇಡ. ವಿಭೂತಿಯನ್ನೇ ಬಿಡು ಎನ್ನುವವರೂ ಬೇಡ; ಕಾರ್ಡುಗಳನ್ನು ಅಜ್ಜಿ ಓದಿಸಿ ಕೇಳುತ್ತಾಳೆ.