ಬಾತುಗಳು ಹೋದವೆಂದು ಹೇಳಿದ ಬೆಳಗು

“ಅಯ್ನಾರ, ಹಕ್ಕಿ ಹೋದುವು ಅಂತ ಒಂದ ಮಾತು ಆಕಿಗೆ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ. ನೀವು ಸುಳ್ಳ ಆಡಾವರಲ್ಲ ಅಂತ ಆಕಿಗೆ ಗೊತ್ತೈತಿ,” ಎಂದು ನೇಕಾರ ಇಮಾಮಸಾಬನು ಕೈಜೋಡಿಸಿದನು. ಜಂಗಮನಾದ ನಾನು ಸ್ನಾನ ಮುಗಿಸಿ, ಇಳಕಲ್ಲಿನ ಊರಹೊರಗಿನ ಕೆರೆಯ ದಂಡೆಯಲ್ಲಿ ಹೆಬ್ಬಾತುಗಳನ್ನು ನೋಡುತ್ತ ನಿಂತಿದ್ದೆನು. ಒಂದು ಹಕ್ಕಿಯೂ ಹೋಗಿರಲಿಲ್ಲ.

ಪ್ಲೇಗಿನ ಭಯಕ್ಕೆ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದ ನಮಗೆಲ್ಲ ಆ ಹಕ್ಕಿಗಳೇ ಪಂಚಾಂಗವಾಗಿದ್ದವು. ಬಿಸಿಲು ಬಲಿತಾಗ ಅವು ಉತ್ತರಕ್ಕೆ ಹಾರಿಹೋಗುವುವು; ಅದೇ ಬಿಸಿಲಿಗೆ ಬೇನೆಯೂ ಇಳಿದು, ಮನೆಗೆ ಮರಳಬಹುದೆಂದು ಎಲ್ಲರೂ ದಿನವೂ ನೀರಿನ ಕಡೆ ನೋಡುತ್ತಿದ್ದೆವು. ಇಮಾಮಸಾಬನ ಹೆಂಡತಿಗೆ ಹಿಂದಿನ ಸಂಜೆ ಕಂಕುಳಲ್ಲಿ ಗಡ್ಡೆ ಎದ್ದು ಜ್ವರ ನೆತ್ತಿಗೇರಿತ್ತು. ಹಕ್ಕಿ ಹೋದವೇ ಎಂಬುದೊಂದೇ ಆಕೆಯ ಪ್ರಶ್ನೆಯಾಗಿತ್ತು.

ಶಿವನನ್ನು ನೆನೆದು ಗುಡಿಸಲ ಬಾಗಿಲಲ್ಲಿ ನಿಂತೆನು. “ಎಲ್ಲಾ ಹೋದುವವ್ವಾ. ಇನ್ನ ಮನಿಗೆ ಹೋಗೂಣು,” ಎಂದೆನು. ಅಷ್ಟರಲ್ಲಿ ಕೆರೆಯಲ್ಲಿ ಬಾತುಗಳು ಒಮ್ಮೆಗೇ ಕೂಗಿದವು. ಇಮಾಮಸಾಬನು ತಲೆ ತಗ್ಗಿಸಿದನು. ಆಕೆ ಕಣ್ತೆರೆದು ನನ್ನನ್ನು ನೋಡಿ ಮೆಲ್ಲಗೆ ನಕ್ಕಳು.

“ನೀವೂ ಸುಳ್ಳ ಹೇಳಾಕ ಬಂದ್ರಿ ಅಂದ್ರ, ನಾ ಉಳಿಯೂದಿಲ್ಲ ಅಂತಾತು, ಅಯ್ನಾರ.”

ಮಧ್ಯಾಹ್ನದೊಳಗೆ ಆಕೆ ತೀರಿಕೊಂಡಳು. ಈಗಲೂ ಕಾಯಿಲೆಯವರನ್ನು ಕಾಣಲು ಹೋದಾಗ, ಗುಣವಾಗುವುದೆಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ನಿಜವಾಗಿ ಗುಣವಾಗುವವರಿಗೂ ಅದನ್ನು ಹೇಳಲಾರೆನು.