ಹದಿನೆಂಟನೆಯ ಮೆಟ್ಟಿಲು

ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತಿದ್ದಾರೆ. ಇವತ್ತು ಬೆಳಗ್ಗೆ ಹೊಸ ಮೆಟ್ಟಿಲುಗಳ ಮೇಲೆ ಗೋಣಿಚೀಲ ಹಾಸಿ ನೀರು ಬಿಡುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ನಮ್ಮ ಅಡುಗೆಮನೆಗೆ ಬಂತು ನೋಡಿ, ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ಮೇಸ್ತ್ರಿ ನೆನಪಾಗಿದ್ದರು...

ಆರು ವರ್ಷದ ಹಿಂದೆ ನಮ್ಮ ಮನೆಗೆ ಮಹಡಿ ಕಟ್ಟಿದವರು ಅವರು. ಜವಳಗಿರಿ ಕಡೆಯವರು. ಕಾಡಿನ ದಾರಿಯಲ್ಲಿ ಆನೆ ಕಾಟ ಅಂತ ಸಂಜೆ ನಾಲ್ಕಕ್ಕೆಲ್ಲ ಮೊಪೆಡ್ ಹತ್ತಿಬಿಡುತ್ತಿದ್ದರು. ನಾನು ಕೆಲಸಕ್ಕೆ ಹೋಗುವ ಹೊಸೂರಿನ ಫ್ಯಾಕ್ಟರಿಗೆ ರಜೆ ಇದ್ದ ದಿನ ಅವರಿಗೆ ಟೀ ಕೊಡುವ ಕೆಲಸ ನನ್ನದು. ಕಂಡದ್ದನ್ನೆಲ್ಲ ಕೇಳುವ ಚಟವೂ ನನ್ನದೇ.

"ಕಾಲಿಕ್ಕೋ ಜಾಗ ಟ್ರೆಡ್ಡು, ಎದ್ದು ನಿಂತಿರೋದು ರೈಸರ್ರು. ಮುಂದಕ್ಕೆ ಚಾಚೈತಲ್ಲ, ಅದು ಮೂಗು. ಅಡೀಲಿ ಎಲ್ಲಾನೂ ಹೊತ್ಕೊಂಡಿರೋದು ಸೊಂಟ. ಮೂಗು, ಸೊಂಟ ಎಲ್ಲಾ ಐತೆ ಕಣಮ್ಮ, ಬಾಯೊಂದಿಲ್ಲ" ಎಂದು ನಗುತ್ತಿದ್ದರು.

ಪ್ರತಿ ಮೆಟ್ಟಿಲೂ ಏಳೇ ಇಂಚು ಎತ್ತರ ಇರಬೇಕಂತೆ. ಎರಡು ಮೆಟ್ಟಿಲು ದಾಟುವಷ್ಟರಲ್ಲಿ ಕಾಲು ಅಳತೆ ಕಲಿತುಬಿಡುತ್ತದಂತೆ, ಆಮೇಲೆ ಕಣ್ಣನ್ನು ಕೇಳುವುದಿಲ್ಲವಂತೆ. ಎಣಿಕೆಯನ್ನೂ ಅವರೇ ಹೇಳಿಕೊಟ್ಟರು. ಇಂದ್ರ, ಯಮ, ರಾಜ... ಮತ್ತೆ ಇಂದ್ರ, ಯಮ, ರಾಜ. ಕೊನೆಯದು ಯಮನಿಗೆ ಬೀಳಬಾರದು, ಅಷ್ಟೇ.

ಕಾಂಕ್ರೀಟು ಗಟ್ಟಿಯಾದ ಮೇಲೆ ನಾನು ಎಣಿಸುತ್ತಾ ಹತ್ತಿದೆ. ಹದಿನೇಳು. ಯಮ. ಅಲ್ಲೇ ಹಿಂತಿರುಗಿ ಓಡಿಬಂದು, ಆಳುಗಳೆಲ್ಲ ಇದ್ದಾಗಲೇ ಅತ್ತೆಗೆ ಹೇಳಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಮೊದಲ ಸಲ, "ನನ್ ಸೊಸೆ ನೋಡ್ದಿದ್ರೆ ಮನೆ ಹಾಳಾಗೋಗ್ತಿತ್ತಲ್ಲಪ್ಪ" ಎಂದರು. ನಾನು ಉಬ್ಬಿಹೋದೆ, ಸುಳ್ಳೇಕೆ ಹೇಳಲಿ.

ಮೇಸ್ತ್ರಿ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. "ತಪ್ಪಾಗೋಯ್ತು ತಾಯಿ. ಇನ್ನೊಂದು ಸೇರಿಸ್ತೀನಿ" ಎಂದರು. ಮರುದಿನ ಮೊದಲ ಮೆಟ್ಟಿಲಿನ ಮುಂದೆ, ನೆಲದ ಮೇಲೆ, ಮೂರೂವರೆ ಇಂಚಿನ ಒಂದು ಮರಿ ಮೆಟ್ಟಿಲು ಬಂತು. ಹದಿನೆಂಟಾಯಿತು.

ಗೃಹಪ್ರವೇಶದ ದಿನ ಊಟ ಮುಗಿಸಿ ಮೇಸ್ತ್ರಿ ಮೇಲಿನ ಕೋಣೆಗಳನ್ನು ಇನ್ನೊಮ್ಮೆ ನೋಡಿ ಬರಲು ಹೋದರು. ಗಂಟೆ ನಾಲ್ಕಾಗಿತ್ತು. ನಾನು ಅವರಿಗೆಂದು ಪಂಚೆ, ಶಲ್ಯ ಇಟ್ಟ ತಟ್ಟೆ ಹಿಡಿದು ಕೆಳಗೆ ನಿಂತಿದ್ದೆ. ಅವಸರವಾಗಿ ಇಳಿದು ಬಂದರು. ಏಳಿಂಚು, ಏಳಿಂಚು ಅಂತ ಬಂದ ಕಾಲಿಗೆ ಆ ಕೊನೆಯ ಗಿಡ್ಡ ಮೆಟ್ಟಿಲು ಬೇಗನೆ ಎಟುಕಿತು. ಮುಗ್ಗರಿಸಿ, ನನ್ನ ಎದುರಿಗೇ ಬಿದ್ದರು. ಕಟ್ಟಿದವರೇ! ತಟ್ಟೆ ಹಿಡಿದುಕೊಂಡೇ ನಿಂತಿದ್ದೆ ನಾನು. ಸೊಂಟದ ಮೂಳೆ ಮುರಿದಿತ್ತು.

ಎರಡು ತಿಂಗಳ ಮೇಲೆ ಅವರ ಮನೆಗೆ ಹೋದೆ. ಮಂಚದ ಮೇಲಿದ್ದರು. ಗೋಡೆ ಕಟ್ಟಲು ಮತ್ತೆ ಸಾರುವೆ ಮರ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. "ಕೈ ಮರೀಲಿಲ್ಲ ಕಣಮ್ಮ, ಕಾಲು ಮರ್ತೋಯ್ತು" ಎಂದರು. ನನಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ಗೊತ್ತಿದ್ದು ಯಮನಿಗೆ ಬರೋ ಹಂಗೆ ಯಾಕೆ ಕಟ್ಟಿದ್ರಿ ಅಣ್ಣ?" ಎಂದು ಕೇಳಿಬಿಟ್ಟೆ.

ಮೇಸ್ತ್ರಿ ನನ್ನ ಕಡೆ ಮುಖ ತಿರುಗಿಸಿದರು.

"ಮೇಲ್ಗಡೆ ಮಹಡಿ ನೆಲ ಐತಲ್ಲ, ಅದೂ ಒಂದು ಮೆಟ್ಲೇ. ಅದನ್ನ ಸೇರ್ಸಿದ್ರೆ ಹದಿನೆಂಟು. ರಾಜ. ಸರ್ಯಾಗೇ ಕಟ್ಟಿದ್ದೆ."

ಆವತ್ತು ನಾನು ಹದಿನೇಳಕ್ಕೇ ಹಿಂತಿರುಗಿದ್ದೆ, ಮಹಡಿಗೆ ಕಾಲೇ ಇಟ್ಟಿರಲಿಲ್ಲ. ಆವತ್ತೇ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ.

"ಹೇಳಿದ್ರೆ ನಿಮ್ಮತ್ತೆ ಅಷ್ಟು ಜನದ ಮುಂದೆ ನಿಮ್ಮನ್ನ ಬಯ್ಯೋರು. ಆವತ್ತು ಎಷ್ಟು ಖುಷಿಯಾಗಿದ್ರಿ ನೀವು... ಹೋಗ್ಲಿ ಬುಡಮ್ಮ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಬಿದ್ದವರು ಮತ್ತೆ ನೆಟ್ಟಗೆ ನಡೆಯಲೇ ಇಲ್ಲ. ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿರುತ್ತಾರೆ: "ನನ್ ಸೊಸೆ ಆವತ್ತು ಎಣಿಸಿ ಹೇಳ್ದಿದ್ರೆ, ಆ ಯಮ ನಮ್ಮನೇರನ್ನೇ ಎಳ್ಕೊಂಡೋಗ್ತಿದ್ದ." ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ. ಒಂದು ಸಲವೂ ಬಾಯಿ ಬಿಟ್ಟಿಲ್ಲ.