ಮೂವರು ಹೆಂಗಸರು, ಒಂದೇ ಕ್ಯಾನ್ ಎಣ್ಣೆ

ಕೇಳ್ರಪ್ಪ, ಇವತ್ತು ಹೊಳಲ್ಕೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಂದು ಕ್ಯಾನಿಗಾಗಿ ಜಗಳವಾಯಿತು.

ಚಿಕ್ಕಜಾಜೂರಿನಿಂದ ಹೊಲಿಗೆ ಕೆಲಸಕ್ಕೆ ಬರುವವರು ನಾವು ಮೂವರು, ಮೂವರಿಗೂ ಸ್ಕೂಟರ್. ಗ್ಯಾರೇಜಿಗೆ ಬಿಟ್ಟರೆ ಆ ದಿನದ ಕೂಲಿ ಹೋಯಿತು. ಅದಕ್ಕೇ ಇನ್ನು ಎಂಜಿನ್ ಆಯಿಲ್ ಮನೆಯಲ್ಲೇ ಬದಲಿಸುವುದೆಂದು ತೀರ್ಮಾನಿಸಿದೆವು.

ನಮ್ಮ ಮೂವರಲ್ಲಿ ಒಬ್ಬಳಾದ ಶಾಂತಕ್ಕ ಕೇಳಿದಳು, "ಸ್ಕೂಟರಿಂದು ಐದು ಲೀಟರ್ ಕ್ಯಾನ್ ಕೊಡ್ರಿ."

"ಅದು ಗ್ಯಾರೇಜಿನೋರು ತಗಳ್ಳಾದು ಕಣಮ್ಮ. ನಿಮಗೆ ಸಣ್ಣ ಬಾಟ್ಲಿ ಸಾಕು," ಎಂದ ಅಂಗಡಿಯವನು.

"ಮೂರು ಗಾಡಿ ಅವೆ. ಪಾಲು ಹಾಕ್ಕಂತೀವಿ."

ಅವನು ಕಿಸಕ್ಕನೆ ನಕ್ಕ. "ಹೆಂಗಸ್ರೂ ಎಣ್ಣೆ ಪಾಲು ಹಾಕ್ಕಳಾಕೆ ಶುರು ಮಾಡಿದ್ರಾ?"

ಅಂಗಡಿ ತುಂಬ ನಗು. ಹೆಂಡದಂಗಡಿ ಮುಚ್ಚಿಸಲು ಬೀದಿಯಲ್ಲಿ ಧರಣಿ ಕೂತವಳು ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಕ್ಕನೇ ಗುಡುಗಿದಳು: "ಹೂಂ ಕಣಪ್ಪ. ನೀವು ಗಂಡಸ್ರು ಪಾಲು ಹಾಕ್ಕಂಡ್ರೆ ಮೋರಿಯಾಗೆ ಬೀಳ್ತೀರಿ. ನಾವು ಹಾಕ್ಕಂಡ್ರೆ ಗಾಡಿ ಓಡ್ತವೆ. ತೆಗಿ ಕ್ಯಾನು!"

ತೆಗೆದುಕೊಟ್ಟ.

ಸಂಜೆ ಅವಳ ಅಂಗಳದಲ್ಲಿ ಮೂರೂ ಸ್ಕೂಟರಿಗೆ ನಾವೇ ಎಣ್ಣೆ ಬದಲಿಸಿದೆವು. ಕೈಯೆಲ್ಲ ಕಪ್ಪು, ಮುಖವೆಲ್ಲ ನಗು. ಅವಳ ಗಂಡ ಮೆಲ್ಲಗೆ ತನ್ನ ಬೈಕನ್ನೂ ತಳ್ಳಿಕೊಂಡು ಬಂದು ನಿಂತ. ಶಾಂತಕ್ಕ ತಲೆಯೆತ್ತದೆ ಹೇಳಿದಳು, "ನಿಮ್ ಬೈಕಿಗೆ ಬೇರೆ ಎಣ್ಣೆ ಬೇಕು. ತಗಂಡ್ಬರ್ರಿ, ಕಲಿಸ್ತೀವಿ."

ಹಾಕಿಕೊಡುತ್ತೇವೆ ಎನ್ನಲಿಲ್ಲ, ಗಮನಿಸಿ.